ಚಿವುಟಿದ ಮೊಗ್ಗು

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕತ್ತರಿ ಅಕ್ಕ ಎಂದು. ಗಿಡದ ಮೇಲೆ ಕೈಯ ಕತ್ತರಿ, ಗಿರಾಕಿಯ ಮೇಲೆ ಮಾತಿನ ಕತ್ತರಿ ಆಡಿಸುವವಳಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಗಲಿಕ್ಕಿಲ್ಲ. ಬಸ್ ನಿಲ್ದಾಣದ ಹಿಂದೆ, ಹಸಿರು ಬಲೆಯ ನೆರಳಲ್ಲಿ ಅವಳ ನರ್ಸರಿ. "ಬಾಲ್ಕನಿಗೆ ಒಂದು ಚೆಂದದ ಗಿಡ ಕೊಡಿ" ಎಂದರೆ ಸಾಕು, ವಿಚಾರಣೆ ಶುರು. ಬಿಸಿಲು ಯಾವ ಹೊತ್ತಲ್ಲಿ ಬೀಳುತ್ತೆ? ಗಾಳಿ ಎಷ್ಟು? ದಿನಾ ನೀರು ಹಾಕ್ತೀರಾ, ಇಲ್ಲ ನೆನಪಾದಾಗಲಾ? ಸುಡುಬಿಸಿಲಿಗೆ ಅಗಲ ಎಲೆಯ ನೆರಳುಗಿಡ ಕೇಳಿದವರು ಬೈಸಿಕೊಂಡು, ಬಿಸಿಲಿಗೆ ಬಾಡದ ಕ್ರೋಟನ್ ಗಿಡ ಹಿಡಿದು ಮನೆಗೆ ಹೋಗುತ್ತಿದ್ದರು.

ಒಂದು ವಿಷಯದಲ್ಲಂತೂ ಅವಳು ಜಪ್ಪಯ್ಯ ಅಂದರೂ ಜಗ್ಗುತ್ತಿರಲಿಲ್ಲ. ಹೂ ಬಿಟ್ಟ ಗಿಡ ಮಾರುವುದಿಲ್ಲ. ಎಳೆಯ ದಾಸವಾಳದಲ್ಲಿ ಮೊಗ್ಗು ಕಂಡರೆ ಉಗುರಿನಲ್ಲಿ ಚಿವುಟಿಬಿಡುವಳು. ಮೊದಲು ಬೇರು ಊರಲಿ, ಕೊಂಬೆ ಒಡೆಯಲಿ, ಹೂವಿಗೆ ಮುಂದಿನ ವರ್ಷವಿದೆ ಎನ್ನುವಳು. ಎದುರು ರಸ್ತೆಯ ಅಂಗಡಿಯವನು ಅರಳಿದ ಗಿಡಗಳನ್ನೇ ತರಿಸಿ ಮಾರುತ್ತಿದ್ದ. ಅವನ ಹೆಸರೆತ್ತಿದರೆ ಇವಳಿಗೆ ಮೈಯೆಲ್ಲ ಉರಿ.

ಮನೆಯಲ್ಲಿ ಇದ್ದದ್ದು ಅವಳು ಮತ್ತು ತಂಗಿ, ಇಬ್ಬರೇ. ತಂಗಿ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಹೊಟ್ಟೆಯ ಆಪರೇಷನ್ ಆದಮೇಲೆ ಹಾಸಿಗೆ ಹಿಡಿದಳು. ಅಕ್ಕ ಅವಳ ಮಂಚವನ್ನು ಹಿಂಬಾಗಿಲ ಹತ್ತಿರ ಹಾಕಿ, ಹೊರಗಿನ ಸಿಮೆಂಟು ಕಟ್ಟೆಯನ್ನೇ ಪುಟ್ಟ ತೋಟ ಮಾಡಿದಳು. ಮೂಲೆಗೊಂದು ತಾಳೆಯ ಗಿಡ, ಗೋಡೆಗೆ ಹಬ್ಬುವ ಬಳ್ಳಿ, ಮಲಗಿದಲ್ಲಿಂದಲೇ ಕಾಣುವಂತೆ ಒಂದು ಎಳೆ ದಾಸವಾಳ.

ದಾಸವಾಳ ಮೊಗ್ಗು ಬಿಟ್ಟಿತು. ತುದಿಯಲ್ಲಿ ಕೆಂಪು ಇಣುಕುವವರೆಗೂ ತಂಗಿ ಅದನ್ನೇ ನೋಡಿದಳು. ಒಂದು ಬೆಳಿಗ್ಗೆ ನೀರು ಹಾಕಲು ಬಂದ ಅಕ್ಕನ ಕಣ್ಣಿಗೆ ಅದು ಬಿತ್ತು.

"ಅಕ್ಕ, ಅದೊಂದು ಬಿಡೇ. ನಾಳೆ ಅರಳುತ್ತೆ."

"ಸುಮ್ನಿರು. ಮುಂದಿನ ವರ್ಷ ಮೈತುಂಬ ಬಿಡುತ್ತೆ, ಆಗ ನೋಡುವೆಯಂತೆ" ಎಂದು ಅಕ್ಕ ಚಟಕ್ಕನೆ ಚಿವುಟಿದಳು.

"ಕಟುಕಿ!" ಎಂದು ತಂಗಿ ನಕ್ಕಳು. ಅಂದು ಅವಳು ಎರಡು ತುತ್ತು ಹೆಚ್ಚಿಗೆ ಉಂಡಳು. ಯಾಕೆಂದು ಅಕ್ಕ ಯೋಚಿಸಲಿಲ್ಲ.

ಆ ವಾರವೇ ಮನೆಗೆ ನೋಡಲು ಬಂದ ಡಾಕ್ಟರು ಅಕ್ಕನನ್ನು ಹೊರಗೆ ಕರೆದು, ಇನ್ನು ಮಾಡುವುದೇನೂ ಉಳಿದಿಲ್ಲ, ಕೆಲವೇ ವಾರ ಎಂದರು. ಅಕ್ಕ ಮುಖ ಒರೆಸಿಕೊಂಡು ಒಳಗೆ ಬಂದು, "ವಾಸಿಯಾಗೋದು ಸ್ವಲ್ಪ ನಿಧಾನವಂತೆ" ಎಂದಳು. ಆದರೆ ಆ ಮೊಗ್ಗು ಅವಳ ಎದೆಯಲ್ಲಿ ಮುಳ್ಳಾಗಿ ಚುಚ್ಚಿತು. ಹೂ ನೋಡಬೇಕೆಂದು ಬಾಯಿಬಿಟ್ಟು ಕೇಳಿದವಳಿಗೆ ಒಂದು ದಿನದ ಹೂವನ್ನೂ ಬಿಡಲಿಲ್ಲವಲ್ಲ, ಈ ಕೈಗೆ ಏನು ಬಂದಿತ್ತು ಎಂದು ತನ್ನನ್ನೇ ಶಪಿಸಿಕೊಂಡಳು. ನರ್ಸರಿಯನ್ನೆಲ್ಲ ಜಾಲಾಡಿದಳು. ಒಂದೇ ಒಂದು ಹೂವಿರಲಿಲ್ಲ. ಎಲ್ಲವನ್ನೂ ಅವಳೇ ಚಿವುಟಿದ್ದಳು.

ಕೊನೆಗೆ ಎದುರು ರಸ್ತೆಗೆ ಹೋದಳು. "ಏನಕ್ಕ, ದಾರಿ ತಪ್ಪಿ ಬಂದ್ರಾ?" ಎಂದ ಅಂಗಡಿಯವನು. ಬೇರೆ ದಿನವಾಗಿದ್ದರೆ ಅವನ ಜನ್ಮ ಜಾಲಾಡುತ್ತಿದ್ದಳು. ಈಗ ಅವನು ಕೇಳಿದಷ್ಟು ಕೊಟ್ಟು, ಅಂಗಡಿಯಲ್ಲೇ ಹೆಚ್ಚು ಹೂವಿದ್ದ ದಾಸವಾಳವನ್ನು ಎತ್ತಿಕೊಂಡು ಬಂದು ಮಂಚದ ಪಕ್ಕದಲ್ಲಿಟ್ಟಳು.

ತಂಗಿ ಕಣ್ಣರಳಿಸಿದಳು. ಒಂದೊಂದೇ ಹೂವನ್ನು ಮುಟ್ಟಿದಳು. ಆಮೇಲೆ ಅವಳ ಕೈ ನಿಂತಿತು.

"ಇದು ನಮ್ಮ ಗಿಡ ಅಲ್ಲ."

"ಅಲ್ಲ. ಕೊಂಡು ತಂದೆ. ನಿನಗೆ ಹೂ ನೋಡೋ ಆಸೆ ಇತ್ತಲ್ಲ."

"ನೀನು? ಹೂ ಬಿಟ್ಟ ಗಿಡ ಕೊಂಡು ತಂದ್ಯಾ?" ತಂಗಿ ಅಕ್ಕನ ಮುಖ ನೋಡಿದಳು. "ಡಾಕ್ಟರು ಏನಂದ್ರು ಅಕ್ಕ?"

ಯಾವ ಗಿರಾಕಿಗೂ ಉತ್ತರ ಬಾಕಿ ಇಟ್ಟವಳಲ್ಲ ಕತ್ತರಿ ಅಕ್ಕ. ಈಗ ಮಂಚದ ತುದಿಯಲ್ಲಿ ಕುಸಿದು ಕುಳಿತು, ತಂಗಿಯ ಕಾಲು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ತಂಗಿ ಅಳಲಿಲ್ಲ. ಅಕ್ಕನ ತಲೆ ಸವರುತ್ತಾ ಮೆಲ್ಲಗೆ ಹೇಳಿದಳು:

"ಅವತ್ತು ನೀನು ಮೊಗ್ಗು ಚಿವುಟಿದಾಗ ಎಷ್ಟು ಧೈರ್ಯ ಬಂದಿತ್ತು ಗೊತ್ತಾ ನನಗೆ."