ರಾಟೆಗೆ ಕೂಡಿಸಿದ ಕೊಳಲು

ಐವತ್ತರ ದಶಕದ ಕೊನೆಯ ಮಾತು. ಶಿಡ್ಲಘಟ್ಟದ ನಮ್ಮ ಹಿತ್ತಲಲ್ಲಿ ಬೆಳಗಾಗುತ್ತಿದ್ದುದೇ ರೇಷ್ಮೆ ರಾಟೆಯ ಸದ್ದಿನಿಂದ. ಅಜ್ಜಿ ಬಿಸಿನೀರಿನ ಬಾಣಲೆಯ ಮುಂದೆ ಕುಳಿತು ಗೂಡಿನಿಂದ ಎಳೆ ಎತ್ತಿ ಕೊಡುತ್ತಿದ್ದರು, ಚಿಕ್ಕಮ್ಮ ರಾಟೆ ತಿರುಗಿಸುತ್ತಿದ್ದಳು. ಅದರ ಮರದ ಅಚ್ಚು ಗುಂಯ್ ಎಂದು ಒಂದೇ ಸ್ವರ ಹಿಡಿದು ನಿಲ್ಲುತ್ತಿತ್ತು. ನನಗಾಗ ಹನ್ನೆರಡು ವರ್ಷ. ಅಪ್ಪ ಚಿಂತಾಮಣಿಯಿಂದ ತಂದುಕೊಟ್ಟ ಗೇಣುದ್ದದ ಕೊಳಲೊಂದು ಸದಾ ಕೈಯಲ್ಲಿ. ಶ್ರುತಿಪೆಟ್ಟಿಗೆಗೆ ಎಲ್ಲಿಗೆ ಹೋಗಲಿ? ನನಗೆ ರಾಟೆಯೇ ಶ್ರುತಿ.

ಕೊಳಲನ್ನು ತುಟಿಯ ಕಡೆಗೆ ತುಸು ಹೊರಳಿಸಿದರೆ ಸ್ವರ ಇಳಿಯುತ್ತದೆ, ಆಚೆಗೆ ಹೊರಳಿಸಿದರೆ ಏರುತ್ತದೆ. ಯಾರೂ ಹೇಳಿಕೊಡದೆ ಇದನ್ನು ಕಂಡುಕೊಂಡು, ರಾಟೆಯ ಸ್ವರಕ್ಕೆ ನನ್ನ ಸ್ವರ ಕೂಡಿದ ದಿನ ಹಿತ್ತಲೆಲ್ಲ ಕುಣಿದಾಡಿದೆ.

"ಕುಣಿಯೋದು ಆಮೇಲೆ, ಮೊದ್ಲು ಸೌದೆ ತಾರೇ" ಎಂದು ಅಜ್ಜಿ ಗದರಿದರು.

ಎಳೆ ಕಡಿದಾಗಲೆಲ್ಲ ಅಜ್ಜಿ "ನಿಲ್ಸೇ!" ಎಂದು ಕೂಗುತ್ತಿದ್ದರು. ಅವರು ಕೂಗುವವರೆಗೆ ಚಿಕ್ಕಮ್ಮ, ಮನೆಗೆ ಬೆಂಕಿ ಬಿದ್ದರೂ, ಕೈ ನಿಲ್ಲಿಸುವವಳಲ್ಲ. ನಿಲ್ಲಿಸಿದೊಡನೆ ಆ ಗುಂಯ್ ಸದ್ದು ಮೆಲ್ಲಗೆ ಕೆಳಗಿಳಿದು ಅಡಗುತ್ತಿತ್ತು. ನಾನೂ ಬಿಡದೆ ಕೊಳಲು ಹೊರಳಿಸುತ್ತ ಅದರ ಜೊತೆಗೇ ಇಳಿಯುತ್ತಿದ್ದೆ. ಎಷ್ಟು ಚೆನ್ನಾಗಿ ಕೂಡಿಸಿದೆ ಎಂಬ ಜಂಬ ಬೇರೆ!

ಶಾಲೆಯ ವಾರ್ಷಿಕೋತ್ಸವ ಬಂತು. ಪ್ರಾರ್ಥನೆಗೆ ಮೇಷ್ಟ್ರ ಹಾರ್ಮೋನಿಯಂ, ನನ್ನ ಕೊಳಲು. ಹಿಂದಿನ ದಿನ ನುಡಿಸಿ ನೋಡಿದರೆ ಪ್ರತಿ ಸಾಲಿನ ಕೊನೆಯಲ್ಲೂ ನನ್ನ ಸ್ವರ ಕುಸಿಯುತ್ತಿದೆ. ಹಾರ್ಮೋನಿಯಂ ಮಾತ್ರ ಇದ್ದಲ್ಲೇ ಇದೆ. ರಾಟೆಯಂತೆ ಅದು ಇಳಿದು ನಿಲ್ಲುವುದೇ ಇಲ್ಲವಲ್ಲ ಎಂದು ನನಗೆ ಅದರ ಮೇಲೇ ಸಿಟ್ಟು.

"ನಿನ್ನ ಶ್ರುತಿ ಬಾವಿಗೆ ಬೀಳ್ತಾ ಇದೆ ಕಣಮ್ಮ. ನಾಳೆ ಹೀಗೇ ಆದ್ರೆ ಅರ್ಧಕ್ಕೇ ವೇದಿಕೆಯಿಂದ ಇಳಿಸಿಬಿಡ್ತೀನಿ" ಎಂದರು ಮೇಷ್ಟ್ರು.

ಮನೆಗೆ ಬಂದು ಅತ್ತುಕೊಂಡು ಹೇಳಿದೆ. ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಅವಳನ್ನು ಗುದ್ದುವಷ್ಟು ಕೋಪ ಬಂತು.

"ನಾಳೆ ನಾನೂ ಬರ್ತೀನಿ ಬಿಡೇ. ಎಳೆ ಹೆಂಗೆ ಕಡಿಯುತ್ತೋ ನೋಡೇಬಿಡಣ" ಎಂದಳು.

ಮರುದಿನ ವೇದಿಕೆ ಹತ್ತಿದೆ. ಮೊದಲ ಸಾಲಿನ ಕೊನೆಗೇ ಸ್ವರ ಜಾರಿತು. ಮೇಷ್ಟ್ರ ಹುಬ್ಬು ಮೇಲೇರಿತು, ಹುಡುಗಿಯರು ಕಿಸಕ್ಕೆಂದರು. ಆಗ ಹಿಂದಿನ ಸಾಲಿನಲ್ಲಿ ಚಿಕ್ಕಮ್ಮ ಎದ್ದು ನಿಂತಳು. ಬಲಗೈ ಚಾಚಿ ಬರಿಗಾಳಿಯಲ್ಲಿ ರಾಟೆ ತಿರುಗಿಸತೊಡಗಿದಳು. ಪಕ್ಕದವರು ಅವಳನ್ನೇ ಪಿಳಿಪಿಳಿ ನೋಡುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇಲ್ಲ.

ನಾನು ಆ ಕೈ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಎರಡನೇ ಸಾಲು ಮುಗಿಯಿತು, ಕೈ ನಿಲ್ಲಲಿಲ್ಲ, ಸ್ವರವೂ ಜಾರಲಿಲ್ಲ. ಮೂರನೆಯದು, ನಾಲ್ಕನೆಯದು. ನಗು ಉಕ್ಕಿ ಬರುತ್ತಿತ್ತು. ನಕ್ಕರೆ ಊದಲಾಗದು, ಹಾಗಾಗಿ ಕಣ್ಣಲ್ಲಿ ನೀರು ತುಂಬಿಕೊಂಡೇ ಕೊನೆಯ ಸ್ವರ ಹಿಡಿದು ನಿಂತೆ. ಮೇಷ್ಟ್ರು ತಲೆದೂಗಿದರು, ಜನ ಚಪ್ಪಾಳೆ ತಟ್ಟಿದರು.

ಚಿಕ್ಕಮ್ಮನ ಕೈ ಇನ್ನೂ ತಿರುಗುತ್ತಲೇ ಇತ್ತು. ನಾನು ವೇದಿಕೆಯ ಮೇಲಿಂದಲೇ ಗಂಟಲು ಹರಿಯುವಂತೆ ಕೂಗಿದೆ: "ನಿಲ್ಸೇ ಚಿಕ್ಕಮ್ಮಾ!"