ಫೆಲ್ಲಾಹ್‌ಗೆ ಕನ್ನಡದಲ್ಲಿ ಏನಂತಾರೆ?

"ಅಮ್ಮಾ, ಜಸ್ಟ್ ಸೇ ಫಾರ್ಮರ್ ಲಾ," ಅಂದಳು ಮಗಳು, ಇಲ್ಲಿಯವರಂತೆ ಕೊನೆಗೊಂದು 'ಲಾ' ಸೇರಿಸಿ. ಅವಳಿಗೇನು, ಹುಟ್ಟಿ ಬೆಳೆದದ್ದು ಮಲೇಷ್ಯಾದ ಮಾಂಟ್ ಕಿಯಾರಾದಲ್ಲಿ. ಕನ್ನಡ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಕಷ್ಟ ನನ್ನದು. ಲಾಕ್‌ಡೌನ್ ಶುರುವಾದ ಮೇಲೆ ಕೌಲಾಲಂಪುರದ ನಾವೊಂದಿಷ್ಟು ಕನ್ನಡಿಗರು ಶನಿವಾರ ಸಂಜೆ ವಿಡಿಯೋ ಕಾಲ್‌ನಲ್ಲಿ ಕಥೆ ಓದುತ್ತೇವೆ. ಈ ಸಲ ನನ್ನ ಸರದಿ. ಈಜಿಪ್ಟಿನ ಹಳ್ಳಿಯ ಕಥೆಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದೆ. ಅದರಲ್ಲಿ ಪುಟಪುಟಕ್ಕೂ 'ಫೆಲ್ಲಾಹ್'. ಅರಬ್ ನಾಡಿನಲ್ಲಿ ನೆಲ ಉತ್ತು ಬದುಕುವವನಿಗೆ ಹಾಗನ್ನುತ್ತಾರೆ. ಕಥೆಯಲ್ಲಿ ತಾಯಿ ಮಗನನ್ನು ಮುದ್ದು ಮಾಡುವುದೂ ಅದೇ ಪದದಲ್ಲಿ, ಜಮೀನ್ದಾರ ಬೈಯುವುದೂ ಅದೇ ಪದದಲ್ಲಿ. ಕಥೆಗಾರರಿಗೆ ಆತ ನಾಡಿನ ಬೆನ್ನೆಲುಬು, ಪೇಟೆಯವರಿಗೆ ಬರೀ ಗಮಾರ. ಒಂದೇ ಕನ್ನಡ ಪದ ಎಲ್ಲಿಂದ ತರಲಿ?

'ಅನ್ನದಾತ' ಅಂತ ಹಾಕಿದೆ. ಭಾಷಣಗಳಲ್ಲಿ ಕೇಳಿ ಕೇಳಿ ತಾನಾಗೇ ಬಾಯಿಗೆ ಬಂದ ಪದ.

ಗಂಡ ಓದಿ ನಕ್ಕರು. "ಚಾಟಿ ಹಿಡ್ಕೊಂಡು 'ಲೋ ಅನ್ನದಾತ, ಬಾರೋ ಇಲ್ಲಿ' ಅಂತಾನಾ? ಎಂಥ ಜಮೀನ್ದಾರ ಮಾರಾಯ್ತಿ." (ಮಂಗಳೂರಿನವರು. ನಗದೆ ಬೈಯಲು ಇನ್ನೂ ಕಲಿತಿಲ್ಲ.)

ನನಗೆ ಪುಕುಪುಕು. ಯಾಕೆಂದರೆ ಕನ್ನಡ ಬಾರದಿದ್ದರೂ ತಮ್ಮ ನಾಡಿನ ಕಥೆಯೆಂದು ಎದುರು ಫ್ಲ್ಯಾಟಿನ ನಾದಿಯಾಳ ಅಪ್ಪನೂ ಕೇಳಲು ಬರುವವರಿದ್ದರು. ನಾದಿಯಾ ಈಜಿಪ್ಟಿನವಳು, ಇಲ್ಲಿ ಗಣಿತದ ಟೀಚರ್. ಮಗಳನ್ನು ನೋಡಲು ಹಳ್ಳಿಯಿಂದ ಬಂದ ಅಜ್ಜ, ವಿಮಾನ ನಿಂತು ಇಲ್ಲೇ ಲಾಕ್. ಬಾಲ್ಕನಿಯ ಐಸ್‌ಕ್ರೀಮ್ ಡಬ್ಬಗಳಲ್ಲಿ ಸೊಪ್ಪು ಬೆಳೆದು ಇಡೀ ಫ್ಲೋರಿಗೆ ಹಂಚುವ ಸಾಕ್ಷಾತ್ ಫೆಲ್ಲಾಹ್. ಪದವನ್ನು ಹಾಗೇ ಉಳಿಸೋಣ ಅಂದರೆ, ಜಮೀನ್ದಾರನ ಬೈಗುಳದಲ್ಲಿ ಅದನ್ನು ಕೇಳಿ ಅವರ ಮನಸ್ಸು ನೊಂದರೆ?

ಮಾಸ್ಕ್ ಹಾಕಿಕೊಂಡು ಹೋಗಿ ಬೆಲ್ ಒತ್ತಿದೆ. "ನಿಮ್ಮನ್ನು ಫೆಲ್ಲಾಹ್ ಅಂದರೆ ಬೇಜಾರಾಗುತ್ತಾ?" ನನ್ನ ಪ್ರಶ್ನೆಯನ್ನು ನಾದಿಯಾ ಮುಜುಗರದಿಂದಲೇ ಅರಬ್ಬಿಯಲ್ಲಿ ಕೇಳಿದಳು. ಅಜ್ಜನಿಗೆ ನಗುವೋ ನಗು.

"ಯಾರು ಅಂತಾರೆ ಅನ್ನೋದರ ಮೇಲೆ. ನನ್ನ ಹೆಂಡತಿ ಹಾಗಂದರೆ ಊಟ ರೆಡಿ ಅಂತ ಅರ್ಥ," ಅಂದರು. ಒಂದು ಕಟ್ಟು ಸೊಪ್ಪನ್ನೂ ಕೈಗಿಟ್ಟರು.

ಸರಿ, ಫೆಲ್ಲಾಹ್‌ನನ್ನು ಫೆಲ್ಲಾಹ್ ಆಗಿಯೇ ಉಳಿಸಿದೆ. ತಾಯಿ ಮುದ್ದು ಮಾಡಿದ್ದೂ ಜಮೀನ್ದಾರ ಬೈದದ್ದೂ ಎಲ್ಲರಿಗೂ ಸಲೀಸಾಗಿ ತಿಳಿಯಿತು. ಶನಿವಾರದ ಓದು ಭರ್ಜರಿ ಯಶಸ್ಸು. ಕ್ಯಾಮೆರಾ ಅಜ್ಜನ ಬಾಲ್ಕನಿಗೆ ಹೋಯಿತು, ಮಾತು ಬೆರಕೆ ಸೊಪ್ಪಿನ ಸಾರಿಗೆ ಹೋಯಿತು. ಪೆನಾಂಗಿನಿಂದ ಸೇರಿಕೊಂಡ ಇಂಜಿನಿಯರೊಬ್ಬರು ಬೀಜ ಕೇಳಿದರು. ಎಷ್ಟೋ ತಿಂಗಳ ಮೇಲೆ ನಾವೆಲ್ಲ ಕೊರೊನಾ ಮರೆತು ಹರಟಿದೆವು. ಎಂಥ ಖುಷಿ ಗೊತ್ತಾ?

ಆ ಖುಷಿಯಲ್ಲಿ ನಾನು ಮೊದಲು ಹಾಕಿದ್ದ ಪದವನ್ನೂ ಹೇಳಿಬಿಟ್ಟೆ. 'ನಾಡಿಗೇ ಅನ್ನ ಕೊಡುವವನು' ಅಂತ ಅರ್ಥ ಬಿಡಿಸಿದೆ. ಅಜ್ಜನ ಮುಖ ಅರಳಿತು. ಏನೋ ಕೇಳಿದರು, ನಾದಿಯಾ ಇಂಗ್ಲಿಷಿಗೆ ತಂದಳು.

"ಅಷ್ಟು ದೊಡ್ಡ ಹೆಸರಾ? ಹಾಗಾದರೆ ನಿಮ್ಮಲ್ಲಿ ಅವನಿಗೆ ಹೆಣ್ಣು ಕೊಡೋಕೆ ಜನ ಕ್ಯೂ ನಿಲ್ಲಬೇಕಲ್ಲ?"

ಹೆಣ್ಣು ಹೆತ್ತ ನಾವೆಲ್ಲ ಒಬ್ಬೊಬ್ಬರಾಗಿ ಮೈಕ್ ಮ್ಯೂಟ್ ಮಾಡಿಕೊಂಡೆವು.