ಜೀವನಾಂಶದ ಬದಲು ಮಗ್ಗಿ

ಗೆಳೆಯರೇ, ಇವತ್ತು ಸಂಜೆ ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಮನೆಯ ಬಾಗಿಲಲ್ಲೇ ಒಂದು ಸಣ್ಣ ಜಗಳವಾಯಿತು. ವಿಚ್ಛೇದನವಾದಾಗಿನಿಂದ ಮಗಳ ಖರ್ಚಿಗೆಂದು ಪ್ರತಿ ತಿಂಗಳೂ ತಪ್ಪದೆ ಬ್ಯಾಂಕಿಗೆ ಹಣ ಹಾಕುತ್ತಿದ್ದ ನನ್ನ ಮಾಜಿ ಪತಿ, ಹಣದ ಬದಲು ತಾವೇ ಬಂದು ನಿಂತಿದ್ದರು. ರಿಸೆಷನ್ ಎಂದು ಫರೀದಾಬಾದಿನ ಕಂಪನಿ ಅವರನ್ನು ಮನೆಗೆ ಕಳಿಸಿದೆ.

"ಈ ತಿಂಗಳು ದುಡ್ಡು ಹಾಕೋಕೆ ಆಗಲ್ಲ. ಟ್ಯೂಷನ್ ಬಿಡಿಸು, ಗಣಿತ ನಾನೇ ಹೇಳಿಕೊಡ್ತೀನಿ" ಎಂದರು.

"ಕೋರ್ಟು ನಿಮಗೆ ದುಡ್ಡು ಕೊಡಿ ಅಂದಿದೆ, ಪಾಠ ಹೇಳಿ ಅಂದಿಲ್ಲ" ಎಂದೆ. ಅಷ್ಟರಲ್ಲಿ ಮಗಳು ಅವರ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ನಾನು ಸಿಟ್ಟಿನಲ್ಲೇ ಅಡುಗೆಮನೆಗೆ ಹೋಗಿ ಬೀನ್ಸ್ ಹೆಚ್ಚತೊಡಗಿದೆ. ಮುಂದಿನ ಕೋಣೆಯಿಂದ ಕನ್ನಡದ ಮಗ್ಗಿ ಕೇಳಿಸಿತು, ನಮ್ಮ ಪ್ರೈಮರಿ ಶಾಲೆಯ ಅದೇ ರಾಗದಲ್ಲಿ. ಹಿಂದಿಯ ಮಗ್ಗಿ ಪಹಾಡಾ ಮಾತ್ರ ಗೊತ್ತಿದ್ದ ಮಗಳು ಅಪ್ಪನ ಹಿಂದೆ ತೊದಲುತ್ತಿದ್ದಳು. "ಹದಿಮೂರೇಳ್ಲಿ..." ಎಂದು ಅವರು ತಡವರಿಸಿದರು. ಮದುವೆಯಾದ ಹೊಸತರಲ್ಲಿ ತರಕಾರಿ ಭಯ್ಯಾನ ಮುಂದೆ ಲೆಕ್ಕ ಹಾಕುವಾಗಲೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದರು.

"ತೊಂಬತ್ತೊಂದು" ಎಂದು ಅಡುಗೆಮನೆಯಿಂದ ಹೇಳಿದವಳು ನಾನೇ.

ಅವರು ಹೋದ ಮೇಲೆ ದೇವರಿಗೆ ದೀಪ ಹಚ್ಚುತ್ತಾ, "ಪಪ್ಪಾಗೆ ಬೇಗ ಕೆಲಸ ಸಿಗಲಿ ಅಂತ ಬೇಡ್ಕೋ" ಎಂದೆ. ಮಗಳು ಕಣ್ಣು ಮುಚ್ಚಿಕೊಂಡೇ ಅಂದಳು: "ಜಾಬ್ ಸಿಗಲಿ. ಲೇಕಿನ್ ಇಪ್ಪತ್ತರ ಮಗ್ಗಿ ಖತಮ್ ಆದ್ಮೇಲೆ."

ಸ್ಕೂಲ್ ಫೀಸ್ ಕಟ್ಟಬೇಕಾದವಳು ನಾನು, ಅವಳನ್ನು ತಿದ್ದಬೇಕಿತ್ತು. ಅದು ಬಿಟ್ಟು, ಮಗ್ಗಿ ಮೂವತ್ತರವರೆಗೂ ಇದೆ ಎಂದು ಹೇಳಿಬಿಟ್ಟೆ.